ಗೂಟ ನಡೆದ ವರ್ಷ

ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಜನಕ್ಕೆ ಹಿಗ್ಗು. ನನಗೆ ಮಾತ್ರ ಹೊಟ್ಟೆಯಲ್ಲಿ ಕಲ್ಲು ಕೂತ ಹಾಗಾಗುತ್ತದೆ. ಅದರ ಜೊತೆಗೆ ಡೀಸೆಲ್ ಹೊಗೆಯೂ ಸೇರಿದರಂತೂ ಮುಗಿದೇ ಹೋಯಿತು, ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡುತ್ತೇನೆ. ಈ ವರ್ಷವೂ ಹಾಗೇ ಆಯಿತು. ಹಗರಿಬೊಮ್ಮನಹಳ್ಳಿಯ ನಮ್ಮ ಬಾಡಿಗೆ ಮನೆಯ ಮುಂದೆ ಒಂದು ಟ್ರ್ಯಾಕ್ಟರ್ ಹೋಯಿತು. ಹಿಂದೆ ಎತ್ತಿ ನಿಲ್ಲಿಸಿದ ನೇಗಿಲು, ಅದರ ತುದಿಗೆ ಹಸಿ ಕೆಂಪು ಮಣ್ಣು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಒಲೆ ಒರೆಸಿ ತಂಗಿಗೆ ಫೋನ್ ಮಾಡಿದೆ.

"ಹೊಲ ಹದಕ್ಕ ಬಂದೈತೇನು?"

"ನಿನ್ನ ಫೋನ್ ಬಂತಂದ್ರ ಹದಕ್ಕ ಬಂತು ಅಂತನ ಲೆಕ್ಕ. ನಾಳೆ ಬಾ, ಬದುವಿನ ಮ್ಯಾಲ ನಿಂದರಾಕ" ಅಂದಳು ಮಂಜುಳಾ.

ಬದುವಿನ ಮೇಲೆ ನಿಲ್ಲುವುದು ನಮ್ಮ ಮನೆಯಲ್ಲಿ ನನಗೆ ಸಿಕ್ಕಿರುವ ಹುದ್ದೆ. ಶಾಲೆಯಲ್ಲಿ ಟೀಚರ್, ಹೊಲದಲ್ಲಿ ಬದುವಿನ ಕಾವಲು. ಆ ಹುದ್ದೆ ಹುಟ್ಟಿದ್ದು ಅಪ್ಪ ಎತ್ತುಗಳನ್ನು ಕೊಟ್ಟುಬಿಟ್ಟ ವರ್ಷದ ಬೇಸಿಗೆಯಲ್ಲಿ.

ನಾನು ಹುಟ್ಟಾ ಅಂಜುಬುರುಕಿ. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನ ತನಕ ಹೋಗಿ, ಬೀಗ ಜಗ್ಗಿ ನೋಡಲು ವಾಪಸು ಬರುವವಳು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದರೆ ಬಸ್ಸಿನಲ್ಲಿ ನಾನು ತಲೆ ಎಣಿಸುವುದನ್ನು ನೋಡಿ ನೋಡಿ ಡ್ರೈವರ್‌ಗೇ ಸಿಟ್ಟು ಬರುತ್ತದೆ. ಮಂಜುಳಾ ನನ್ನ ಒಡಹುಟ್ಟಿದವಳು ಅನ್ನುವುದಕ್ಕೆ ಮೂಗು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಚಿಕ್ಕಂದಿನಲ್ಲಿ ಬಾವಿಗೆ ಮೊದಲು ಹಾರಿದವಳು ಅವಳು, ದಂಡೆಯಲ್ಲಿ ಅವಳ ಲಂಗ ಹಿಡಿದು ಅಳುತ್ತ ನಿಂತವಳು ನಾನು. ಅವಳ ಗಂಡ ಲಾರಿ ಓಡಿಸುತ್ತಾನೆ, ವಾರಗಟ್ಟಲೆ ಊರಲ್ಲಿರುವುದಿಲ್ಲ. ಅಪ್ಪ ಅವ್ವನ ಮನೆಯ ಪಕ್ಕದಲ್ಲೇ ಅವಳ ಮನೆ. ಚಿಕ್ಕಪ್ಪನ ಟ್ರ್ಯಾಕ್ಟರನ್ನು ಮೊದಮೊದಲು ಟ್ರಾಲಿಗೆ ಕಟ್ಟಿ ಗೊಬ್ಬರ ಹೊಡೆದಳು, ಆಮೇಲೆ ಕುಂಟೆ ಹೊಡೆದಳು, ಆ ವರ್ಷ ಉಳುಮೆಯನ್ನೂ ತಾನೇ ಮಾಡುತ್ತೇನೆ ಅಂದಳು. ಊರಿನವರು ನಾಲ್ಕು ದಿನ ನಿಂತು ನೋಡಿದರು, ಐದನೇ ದಿನ ತಮ್ಮ ಹೊಲಕ್ಕೂ ಬರ್ತೀಯೇನವ್ವ ಅಂದರು. ಅಷ್ಟಕ್ಕೇ ಮುಗಿಯಿತು.

ನಮ್ಮ ಹೊಲ ಇರುವುದು ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯ ಮಗ್ಗುಲಲ್ಲಿ. ಮಸಾರಿ ನೆಲ, ಕೆಂಪು ಮಣ್ಣು. ಮೇಲೆ ನೋಡಿದರೆ ರೊಟ್ಟಿ ತಟ್ಟಿದಷ್ಟು ಸಮ. ಆದರೆ ಒಳಗೆ ಮೂರು ಕಡೆ ಬಂಡೆಗುಂಡುಗಳು ಹೂತು ಕೂತಿವೆ. ಮಣ್ಣಿನ ಮೇಲೆ ತಲೆ ತೋರಿಸುವುದಿಲ್ಲ, ಒಂದು ಗೇಣು ಕೆಳಗೆ ಬೆನ್ನು ಕೊಟ್ಟು ಮಲಗಿವೆ. ನಮ್ಮ ಮುತ್ತಜ್ಜನ ಕಾಲದಿಂದ ಅವಕ್ಕೆ ಹೆಸರುಗಳಿವೆ. ಆಮೆಯ ಹಾಗೆ ಅಗಲವಾಗಿ ಬೆನ್ನು ಉಬ್ಬಿದ್ದು ಆಮಿ ಗುಂಡು. ಜೋಡಿಯಾಗಿ ಮೈ ತಗುಲಿಸಿಕೊಂಡು ಕೂತವು ಅತ್ತಿ ಸೊಸಿ. ಎಲ್ಲಕ್ಕೂ ದೊಡ್ಡದು, ಚೂಪು ಅಂಚಿನದು, ಹಲ್ಲುಮುರುಕ. ನೇಗಿಲಿನ ಹಲ್ಲು ಎಷ್ಟು ಮುರಿದಿದೆಯೋ ಅದಕ್ಕೇ ಗೊತ್ತು.

ಅಪ್ಪ ಎತ್ತು ಹೂಡುತ್ತಿದ್ದಾಗ ಈ ಗುಂಡುಗಳ ಬಗ್ಗೆ ಯಾರೂ ಅಂಜಿದ್ದಿಲ್ಲ. ನೇಗಿಲು ತಾಗಿದರೆ ಎತ್ತು ನಿಲ್ಲುತ್ತಿದ್ದವು. ಅಪ್ಪ ನೇಗಿಲೆತ್ತಿ, ಬಾಯಲ್ಲಿ ಚಕ್ ಚಕ್ ಅಂದು, ಮುಂದೆ ಹೋಗಿ ಮತ್ತೆ ಊರುತ್ತಿದ್ದ. ಆ ವರ್ಷ ಎತ್ತುಗಳಲ್ಲಿ ಒಂದಕ್ಕೆ ವಯಸ್ಸಾಗಿ ಕಾಲು ಬಿದ್ದಿತು. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್‌ಗೆ ಮಳೆಗಾಲ ಕಳೆಯಲಿ ಅಂತ ಕುಂತಿದ್ದ. ಜೋಡಿಯನ್ನು ಸೋದರತ್ತೆಯ ಮನೆಗೆ ಕೊಟ್ಟು ಬಂದ ದಿನ ಊಟ ಮಾಡುತ್ತ ಒಂದೇ ಮಾತು ಅಂದ.

"ಎತ್ತು ಕಲ್ಲಿಗೆ ನಿಲ್ತಾವ. ಟ್ರ್ಯಾಕ್ಟರ್ ನಿಲ್ಲಂಗಿಲ್ಲ."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಟ್ರ್ಯಾಕ್ಟರಿನ ನೇಗಿಲು ಹೂತ ಬಂಡೆಗೆ ಸಿಕ್ಕಿಕೊಂಡರೆ ಏನಾಗುತ್ತದೆ ಅನ್ನುವುದನ್ನು ಮಂಜುಳಾಳೇ ಒಮ್ಮೆ ವಿವರಿಸಿದ್ದಳು. ಹಿಂದಿನ ಗಾಲಿ ತಿರುಗುವುದನ್ನು ಬಿಡುವುದಿಲ್ಲ, ನೇಗಿಲು ಮುಂದೆ ಬರುವುದಿಲ್ಲ, ಆಗ ಮುಂಭಾಗವೇ ಮೇಲೇಳುತ್ತದೆ. ಕಣ್ಣು ಮುಚ್ಚಿ ಬಿಡುವುದರೊಳಗೆ ಇಡೀ ಗಾಡಿ ಹಿಂದಕ್ಕೆ ಮಗುಚಿ ಸೀಟಿನ ಮೇಲಿದ್ದವರ ಮೇಲೆ ಬೀಳುತ್ತದೆ. ಸೊಂಟಕ್ಕೆ ಕೈ ಕೊಟ್ಟು ಅಡುಗೆ ಹೇಳಿಕೊಟ್ಟ ಹಾಗೆ ಹೇಳಿದ್ದಳು. "ಮುಂದಿನ ಗಾಲಿ ಎದ್ದವಂದ್ರ ಬ್ರೇಕ್ ಅಲ್ಲ, ಕ್ಲಚ್ ಒತ್ತಬೇಕು. ಅಷ್ಟ ನೋಡು." ಹರಪನಹಳ್ಳಿ ಕಡೆಯ ನಮ್ಮ ನೆಂಟರ ಊರಲ್ಲಿ ಹಾಗೆ ಒಬ್ಬನಿಗೆ ಕ್ಲಚ್ ಒತ್ತಲು ಆಗಿರಲಿಲ್ಲ. ಅವನ ಮಣ್ಣಿಗೆ ನಾನೂ ಹೋಗಿದ್ದೆ. ಅವನ ಹೆಂಡತಿ ಅಳದೆ ಕೂತಿದ್ದುದು ಇವತ್ತಿಗೂ ಕಣ್ಣ ಮುಂದಿದೆ.

ಹಾಗಾಗಿ ಬೆಳೆ ಬರಲಿ ಬಿಡಲಿ, ಆ ಬೇಸಿಗೆಯಲ್ಲಿ ನನಗಿದ್ದ ಚಿಂತೆ ಒಂದೇ. ಸೀಟಿನ ಮೇಲೆ ಹತ್ತಿ ಕೂತವಳು ಇಳಿದು ಮನೆಗೆ ಬರಬೇಕು.

ಶಾಲೆಗೆ ರಜೆ ಬಿಟ್ಟ ಕೂಡಲೇ ಊರಿಗೆ ಹೋದೆ. "ಮೊದಲು ಗುಂಡುಗಳಿಗೆ ಗುರುತು ಹಾಕೋಣ" ಅಂತ ಗಂಟುಬಿದ್ದೆ. ಮಳೆ ಆಗಲಿ ತಡಿ ಅಂದ ಅಪ್ಪ. ಮಳೆ ಆದ ದಿನ ಎಲ್ಲರಿಗೂ ಅವಸರ, ಆಗ ಯಾರು ಹುಡುಕುತ್ತ ಕೂಡುತ್ತಾರೆ ಅಂದೆ. ನನ್ನ ಕಾಟ ತಾಳದೆ ಅಪ್ಪ ಎದ್ದ. ಮಂಜುಳಾ ಹಾರೆ ಹೊತ್ತು ಬಂದಳು.

ಅಪ್ಪ ಗುಂಡು ಹುಡುಕುವ ರೀತಿಯನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಅವತ್ತು. ನೆಲ ನೋಡುವುದೇ ಇಲ್ಲ, ದೂರ ನೋಡಬೇಕು. ಬದುವಿನ ಬೇವಿನ ಗಿಡಕ್ಕೆ ಒಂದು ಕವಲಿದೆ. ಹೊಲದಲ್ಲಿ ನಡೆಯುತ್ತ ಹೋದರೆ ಒಂದು ಕಡೆ ಆ ಕವಲಿನ ನಡುವೆ ದೂರದ ಗುಡ್ಡದ ನೆತ್ತಿ ಬಂದು ಕೂಡುತ್ತದೆ. ಅದೇ ಗೆರೆ ಹಿಡಿದು ಮುಂದೆ ನಡೆದರೆ ಇನ್ನೊಂದು ದಿಕ್ಕಿಗೆ ಬಾವಿಯ ಕಲ್ಲುಕಂಬವೂ ಊರಿನ ನೀರಿನ ಟ್ಯಾಂಕೂ ಒಂದರ ಹಿಂದೊಂದು ಬರುವ ಜಾಗ ಸಿಗುತ್ತದೆ. ಆ ಎರಡು ಗೆರೆ ಕೂಡಿದಲ್ಲಿ ಕಾಲ ಕೆಳಗೆ ಹಲ್ಲುಮುರುಕ. ಒಂದೊಂದು ಗುಂಡಿಗೂ ಹೀಗೆ ಬೇರೆ ಬೇರೆ ಗೆರೆ. ಅಪ್ಪನಿಗೆ ಗೆರೆಗಳು ಬಾಯಿಪಾಠ, ಆದರೆ ಕಣ್ಣಿಗೆ ಗುಡ್ಡ ಕಾಣುತ್ತಿರಲಿಲ್ಲ. ಆ ವರ್ಷ ಅಪ್ಪನ ಕಣ್ಣು ನಾನೇ.

"ಕವಲಿನಾಗ ಗುಡ್ಡದ ನೆತ್ತಿ ಕೂಡ್ತೇನು?"

"ಇನ್ನೂ ಇಲ್ಲಪ್ಪಾ. ಎಡಕ್ಕ ಸರಿ."

"ಈಗ?"

"ಒಂಚೂರು. ಹ್ಞಾಂ, ಕೂತಿತು."

ಮಂಜುಳಾ ಹಾರೆ ಎತ್ತಿ ಹೊಡೆದಳು. ಟಣ್ ಅಂದಿತು. ಅಪ್ಪನ ಮುಖದಲ್ಲಿ ಹಳೆಯ ಗೆಳೆಯನ ದನಿ ಕೇಳಿದ ಹಿಗ್ಗು. ಮೂರೂ ಕಡೆ ಜಾಲಿ ಗೂಟ ನೆಟ್ಟೆವು. ಅಪ್ಪನ ಹಳೆಯ ಪಂಜೆ ಹರಿದು ಒಂದೊಂದಕ್ಕೂ ಬಿಳಿ ಬಟ್ಟೆ ಕಟ್ಟಿದೆ. ನನ್ನ ಕೈಯಿಂದಲೇ ಎರಡೆರಡು ಗಂಟು ಹಾಕಿದೆ. ಅವತ್ತು ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಆಮೇಲೆ ಶಾಲೆಯ ಯಾವುದೋ ಕೆಲಸಕ್ಕೆ ಹಗರಿಬೊಮ್ಮನಹಳ್ಳಿಗೆ ಹೋದೆ. ನಾನಿಲ್ಲದಾಗ ಅಪ್ಪ ಪ್ರತಿ ವರ್ಷದಂತೆ ಹೊಲದಲ್ಲಿ ಕುರಿ ನಿಲ್ಲಿಸಿದ. ಉಳುಮೆಗೆ ಮುಂಚೆ ಕುರಿಯವರ ಮಂದೆಯನ್ನು ರಾತ್ರಿ ಹೊಲದಲ್ಲಿ ಕೂಡಿಸಿದರೆ ಹಿಕ್ಕೆ ಉಚ್ಚೆ ಎಲ್ಲ ನೆಲಕ್ಕೆ ಬಿದ್ದು ಗೊಬ್ಬರವಾಗುತ್ತದೆ. ನಮ್ಮ ಹೊಲಕ್ಕೆ ಯಾವತ್ತೂ ಬರುವವನು ಈರಪ್ಪ. ಸುತ್ತ ಬಲೆ ಕಟ್ಟಿ, ಒಳಗೆ ಕುರಿ ಕೂಡಿಸಿ, ದಿನಕ್ಕೊಂದು ಜಾಗ ಬದಲಿಸುತ್ತ ಇಡೀ ಹೊಲ ಮುಗಿಸಿ, ಹಡಗಲಿ ಕಡೆಗೆ ಹೊಳೆ ದಂಡೆಗೆ ಹೊರಟುಹೋದ. ಇದು ನನಗೆ ಗೊತ್ತಿತ್ತು. ಅವ್ವ ಫೋನಿನಲ್ಲಿ ಹೇಳಿದ್ದಳು. ಒಳ್ಳೆಯದಾಯಿತು ಅಂದಿದ್ದೆ.

ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅನ್ನುತ್ತಾರೆ. ಆ ವರ್ಷ ಭರಣಿ ಒಂದು ಸಂಜೆ ಬಂದು ಗುದ್ದಿದ ಹಾಗೆ ಸುರಿದು ಹೋಯಿತು. ಕೆಂಪು ನೆಲದ ಹದ ಬಹಳ ದಿನ ನಿಲ್ಲುವುದಿಲ್ಲ. ಬೇಗ ಹೊಕ್ಕರೆ ಕೆಸರು, ತಡವಾದರೆ ಹೆಂಟೆ. ನಮ್ಮ ಹೊಲದ ತುಂಬ ಗರಿಕೆ ಹಬ್ಬಿತ್ತು. ಅದನ್ನು ಬೇರು ಸಮೇತ ಮಗುಚಿ ಬಿಸಿಲಿಗೆ ಹಾಕದಿದ್ದರೆ ಆ ವರ್ಷ ಶೇಂಗಾ ಬಿತ್ತುವ ಆಸೆ ಬಿಡಬೇಕು. ಚಿಕ್ಕಪ್ಪ ಹೇಳಿ ಕಳಿಸಿದ್ದ: ಮುಂಜಾನೆ ನಿಮ್ಮದು, ಮಧ್ಯಾಹ್ನದ ಮ್ಯಾಲ ನನ್ನ ಹೊಲಕ್ಕ ಗಾಡಿ ಬೇಕು.

ನಾನು ಊರಿಗೆ ಬಂದೆ. ಬೆಳಗ್ಗೆ ಹೊಲಕ್ಕೆ ಹೋದಾಗ ಮೂರು ಗೂಟಗಳೂ ನಿಂತಿದ್ದವು, ಬಿಳಿ ಬಟ್ಟೆ ಆಡುತ್ತಿತ್ತು. ನೋಡಿ ಸಮಾಧಾನವಾಗಬೇಕಿತ್ತು. ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಹತ್ತಿರದ ಗೂಟಕ್ಕೆ ಹೋಗಿ ಮುಟ್ಟಿ ನೋಡಿದೆ.

"ಮಂಜಿ, ಈ ಗಂಟು ನಂದಲ್ಲ."

"ಗಂಟಿಗೇನು ಹೆಸರು ಬರದಿರ್ತಾರೇನಕ್ಕ?"

"ನಾ ಎರಡು ಗಂಟು ಹಾಕಿದ್ದೆ. ಇದು ಒಂದ ಐತಿ, ಬಿಗಿ ಐತಿ."

ಬೇವಿನ ನೆರಳಲ್ಲಿ ಕೂತಿದ್ದ ಅಪ್ಪ ಅಂದ, "ಮಳಿಗೆ ತೊಯ್ದು ಬಿಗದಿರಬೇಕು ಬಿಡವ್ವ. ಹೊತ್ತೇರತೈತಿ."

ನಾನು ಬಿಡಲಿಲ್ಲ, ಇನ್ನೆರಡು ಸಲ ಹೇಳಿದೆ. ಆದರೆ ಬೆಳಗಿನಿಂದ ಅದಾಗಲೇ ಡೀಸೆಲ್ ಸೋರುತ್ತಿದೆಯೇ ಅಂತ ಒಮ್ಮೆ, ಗಾಲಿಯ ಗಾಳಿ ಕಡಿಮೆ ಅಂತ ಒಮ್ಮೆ ಗಾಡಿ ನಿಲ್ಲಿಸಿದ್ದೆ. ತೋಳ ಬಂತು ಅಂತ ಕೂಗುವವಳ ಮಾತಿಗೆ ಯಾರು ಬೆಲೆ ಕೊಡುತ್ತಾರೆ. ಮಂಜುಳಾ ಸೆರಗು ಸೊಂಟಕ್ಕೆ ಬಿಗಿದು, ಮೇಲೆ ಗಂಡನ ಅಂಗಿ ತೊಟ್ಟು, ಹತ್ತಿ ಕೂತಳು.

ಅವಳು ಉಳುವುದನ್ನು ನೋಡುವುದೇ ಒಂದು ಚೆಂದ, ಅಂಜಿಕೆ ಇಲ್ಲದವರಿಗೆ. ಹಿಂದೆ ಪಲ್ಟಿ ನೇಗಿಲು, ಎರಡೂ ಮಗ್ಗುಲಿಗೆ ತಿರುಗಿಸಬಹುದಾದದ್ದು. ಈ ತುದಿಯ ಬದುವಿನಿಂದ ಶುರು ಮಾಡಿ ಸಾಲಿನ ಮಗ್ಗುಲಿಗೆ ಸಾಲು ಹಾಕುತ್ತ ಆ ತುದಿಯ ಬದುವಿಗೆ ಮುಗಿಸುವುದು. ಮೊದಲ ಸಾಲೇ ಮುಖ್ಯ. ಅದನ್ನು ಹೊಡೆಯುವಾಗ ಗಾಲಿ ನೋಡಬಾರದು, ಎದುರಿನ ಬದುವಿನಲ್ಲಿ ಒಂದು ಗಿಡ ಹಿಡಿದು ಅದನ್ನೇ ನೋಡುತ್ತ ಹೋಗಬೇಕು. ಆಮೇಲೆ ಒಂದು ಗಾಲಿಯನ್ನು ತೆರೆದ ಸಾಲಿನೊಳಗೆ ಇಳಿಸಿದರೆ ಗಾಡಿ ತಾನೇ ದಾರಿ ಹಿಡಿಯುತ್ತದೆ. ಗೇರ್ ಸಣ್ಣದು, ವೇಗ ಒಂದೇ ಸಮ. ತುದಿಗೆ ಬಂದಾಗ ಲಿವರ್ ಎಳೆದು ನೇಗಿಲೆತ್ತಿ, ಗಾಡಿ ತಿರುಗಿಸಿ, ನೇಗಿಲು ಹೊರಳಿಸಿ ಮತ್ತೆ ಇಳಿಸಬೇಕು. ಮುಂದೆ ನೋಡು, ಹಿಂದೆ ನೋಡು, ಮತ್ತೆ ಮುಂದೆ ನೋಡು. ಮಣ್ಣು ಪುಸ್ತಕದ ಹಾಳೆ ಮಗುಚಿದಂತೆ ಹೊರಳಿ ಬೀಳುತ್ತಿತ್ತು. ಗರಿಕೆಯ ಬೇರು ಮೇಲಾಗಿ ಬಿಳಿ ಬಿಳಿ ಕಾಣುತ್ತಿದ್ದವು. ಕೊಕ್ಕರೆಗಳು ಎಲ್ಲಿಂದಲೋ ಬಂದು ಹಿಂದೆ ಹಿಂದೆ ನಡೆದವು.

ಮೊದಲ ಗೂಟ ಬಂದಾಗ ಅವಳು ಅಷ್ಟು ದೂರಕ್ಕೇ ನೇಗಿಲೆತ್ತಿದಳು. ದಾಟಿದ ಮೇಲೆ ಇಳಿಸಿದಳು. ನನ್ನ ಕಡೆ ತಿರುಗಿ ನಕ್ಕು ಕೈ ಬೀಸಿದಳು. ಅದರ ಮಗ್ಗುಲಿನ ಸಾಲುಗಳಲ್ಲೂ ಹಾಗೇ ಮಾಡಿದಳು. ಅಲ್ಲಿ ಒಂದು ಜಮಖಾನೆ ಹಾಸುವಷ್ಟು ಜಾಗ ಉಳದೆ ಉಳಿಯಿತು. ನಾನೂ ಕೈ ಬೀಸಿದೆ. ನನ್ನ ಗಂಟಿನ ಅನುಮಾನ ನನಗೇ ನಾಚಿಕೆ ಅನ್ನಿಸತೊಡಗಿತ್ತು. ಬುತ್ತಿ ಗಂಟಿನಿಂದ ರೊಟ್ಟಿ ಮುರಿದು ಅಪ್ಪನಿಗೆ ಕೊಟ್ಟೆ, ನಾನೂ ಒಂದು ಚೂರು ಬಾಯಿಗೆ ಹಾಕಿಕೊಂಡೆ.

ಅರ್ಧ ಹೊಲ ದಾಟಿತ್ತು. ಗೂಟವೂ ಇಲ್ಲ ಏನೂ ಇಲ್ಲ, ಬರೀ ನೆಲ. ಖಟ್ ಅಂತ ಒಂದು ಸದ್ದು ಬಂತು. ಎಂಜಿನ್ನಿನ ದನಿ ಒಮ್ಮೆಲೇ ದಪ್ಪವಾಯಿತು. ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟವು.

ನಾನು ನೋಡಿದ್ದು ಇಷ್ಟೇ: ಎರಡು ಸಣ್ಣ ಗಾಲಿಗಳು ಗಾಳಿಯಲ್ಲಿ, ಅವುಗಳ ಕೆಳಗೆ ಆಕಾಶ. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಗಾಲಿಗಳು ಧಪ್ಪನೆ ಕೆಳಗೆ ಬಿದ್ದವು, ಎಂಜಿನ್ ನಿಂತಿತು. ಉತ್ತ ಮಣ್ಣಿನಲ್ಲಿ ಎಡವುತ್ತ ಓಡಿದೆ, ಬಿದ್ದೆ, ಎದ್ದೆ. ಮಂಜುಳಾ ಸೀಟಿನ ಮೇಲೇ ಇದ್ದಳು. ಎಡಗಾಲು ಕ್ಲಚ್ಚಿನ ಮೇಲೆ ಒತ್ತಿದ ಹಾಗೇ ಇತ್ತು. ಕಾಲು ತೆಗೆಯಲು ಅವಳಿಗೆ ನೆನಪಾಗುತ್ತಿರಲಿಲ್ಲ.

"ನೀರು ಕೊಡು" ಅಂದಳು.

ಅವಳು ನೀರು ಕುಡಿಯುವಾಗ ಚೊಂಬು ಹಲ್ಲಿಗೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ದೊಡ್ಡ ಗಾಲಿಗೆ ಒರಗಿ ಕೂತೆ.

ಅಪ್ಪ ಕೋಲು ಊರುತ್ತ ಬಂದ. ಬಗ್ಗಿ ನೇಗಿಲಿನ ತುದಿ ಮುಟ್ಟಿದ, ಮಣ್ಣು ಸರಿಸಿ ಕಲ್ಲಿನ ಮೈ ಸವರಿದ.

"ಇದು ಆಮಿ. ಆಮಿ ಇಲ್ಲೇ ಇರಬೇಕಾದ್ದು. ಗೂಟ ಎಲ್ಲೈತಿ?"

ಗೂಟ ಅಷ್ಟು ದೂರದಲ್ಲಿ ನೆಟ್ಟಗೆ ನಿಂತಿತ್ತು, ಯಾವ ಕಲ್ಲೂ ಇಲ್ಲದ ಕಡೆ. ಹೋಗಿ ಅದರ ಬುಡ ನೋಡಿದೆ. ಸುತ್ತ ಕುರಿ ಹಿಕ್ಕೆ. ಗೂಟದ ನಡುವಿಗೆ ಹಗ್ಗ ಉಜ್ಜಿದ ಗುರುತು. ಆಗ ಎಲ್ಲ ಹೊಳೆಯಿತು. ಈರಪ್ಪನ ಬಲೆಗೆ ಗೂಟ ಸಾಲದೆ ಹೋಗಿವೆ, ನಮ್ಮವನ್ನು ಕಿತ್ತು ಬಲೆಗೆ ಹಚ್ಚಿಕೊಂಡಿದ್ದಾನೆ. ಹೋಗುವಾಗ, ಮಂದಿಯ ಸಾಮಾನು ನಮಗ್ಯಾಕೆ ಅಂತ, ಬಟ್ಟೆಯನ್ನೂ ಬಿಗಿಯಾಗಿ ಕಟ್ಟಿ ನೆಟ್ಟು ಹೋಗಿದ್ದಾನೆ. ಎಲ್ಲಿಂದ ಕಿತ್ತಿದ್ದು ಅನ್ನುವುದು ಅವನಿಗೆ ಹೇಗೆ ನೆನಪಿರಬೇಕು.

"ಈರಪ್ಪ ಒಳ್ಳೆ ಮನಷ್ಯ" ಅಂದ ಅಪ್ಪ, ನಾನು ಬೈಯುವುದಕ್ಕೆ ಮೊದಲೇ.

"ಒಳ್ಳೆಯವನಾಗಿದ್ದಕ್ಕ ತಿರುಗಿ ನೆಟ್ಟು ಹೋಗ್ಯಾನಪ್ಪಾ. ಕಳ್ಳನಾಗಿದ್ರ ಒಯ್ದು ಒಲಿಗೆ ಹಾಕ್ತಿದ್ದ. ಗೂಟ ಇಲ್ಲ ಅಂತ ಕಂಡು ನಾವು ಹುಷಾರಾಗ್ತಿದ್ವಿ."

ಮಂಜುಳಾ ಸೀಟಿನ ಮೇಲಿಂದ ನಕ್ಕುಬಿಟ್ಟಳು. ನಗು ಕೇಳಿ ನನಗೆ ಅಳು ಬಂತು. ಸಾಕು, ಮನೆಗೆ ನಡಿ, ಗರಿಕೆ ಬೆಳದ್ರ ಬೆಳೀಲಿ ಅಂದೆ. ಅವಳು ಇಳಿದು ಬಂದು ನೇಗಿಲಿನ ಮುರಿದ ಬೋಲ್ಟು ಬಿಚ್ಚಿ, ಡಬ್ಬಿಯಿಂದ ಬೇರೆಯದು ತೆಗೆದು ಹಾಕುತ್ತ ಹೇಳಿದಳು, "ಅರ್ಧ ಉತ್ತು ಅರ್ಧ ಬಿಟ್ರ ಈ ಕಡಿ ಗರಿಕಿ ಆ ಕಡಿ ಹೋಗ್ತೈತಿ. ಇವತ್ತು ಆಗಬೇಕಕ್ಕ. ಚಿಕ್ಕಪ್ಪ ಬರೋದ್ರಾಗ ಕಲ್ಲು ಹುಡುಕ್ರಿ, ನಾ ಹೊಡೀತೀನಿ."

ಅಪ್ಪ ಮುಂದೆ ಮುಂದೆ ಬರಿಗಾಲಲ್ಲಿ ನಡೆಯುತ್ತೇನೆ, ನೀನು ಹಿಂದೆ ಗಾಡಿ ಬಿಡು ಅಂದ. ಅವಳು ಕೇಳಲಿಲ್ಲ. "ಕಣ್ಣು ಕಾಣದವನ್ನ ಮುಂದ ಬಿಟ್ಕಂಡು ನಾ ಹೊಡಿಯಂಗಿಲ್ಲ. ಮೊದಲು ಹುಡುಕ್ರಿ, ಗೂಟ ಹೊಡೀರಿ, ಬದುವಿಗೆ ಹೋಗ್ರಿ. ಆಮ್ಯಾಲ ನನ್ನ ಕೆಲಸ."

ಅತ್ತಿ ಸೊಸಿ ಬೇಗ ಸಿಕ್ಕರು. ಅವರ ಗೆರೆಗಳು ಬಾವಿ ಕಂಬ, ಟ್ಯಾಂಕು, ರಸ್ತೆಯ ಹುಣಸೆ ಮರ, ಎಲ್ಲ ಹತ್ತಿರದವು. ಹಾರೆ ಟಣ್ ಅಂದ ಕಡೆ ಗೂಟ ಹೊಡೆದೆವು. ಉಳಿದದ್ದು ಹಲ್ಲುಮುರುಕ. ಅದರ ಕಂಬ, ಟ್ಯಾಂಕಿನ ಗೆರೆ ಹೊಲದ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ಆ ಗೆರೆಯ ಮೇಲೆ ಎಲ್ಲಿ ಅನ್ನುವುದಕ್ಕೆ ಗುಡ್ಡದ ನೆತ್ತಿ ಬೇಕು. ತಲೆ ಎತ್ತಿ ನೋಡಿದರೆ ಗುಡ್ಡವೇ ಇರಲಿಲ್ಲ. ಉಜ್ಜಿನಿ ಕಡೆಯಿಂದ ಮೋಡ ಕಟ್ಟಿ ಮಳೆ ಪರದೆ ಬಿಟ್ಟಂತೆ ಇಳಿದಿತ್ತು. ಬೇವಿನ ಕವಲಿನ ನಡುವೆ ಬರೀ ಬೂದು ಬಣ್ಣ.

"ಕೂಡ್ತೇನವ್ವ?"

"ಗುಡ್ಡ ಕಾಣವಲ್ದಪ್ಪಾ."

ಅವತ್ತು ಅಪ್ಪನಂತೆ ನಾನೂ ಕುರುಡಿ; ಗೂಟ ನೆಟ್ಟ ದಿನ ದೂರ ನೋಡುತ್ತಿದ್ದೆನೇ ಹೊರತು ನಿಂತ ಜಾಗ ನೋಡಿಟ್ಟುಕೊಂಡಿರಲಿಲ್ಲ. ಅಪ್ಪ ನಿಂತು ಯೋಚನೆ ಮಾಡಿದ. "ಉತ್ತಲ್ಲಿ ತಾಗಲಿಲ್ಲ. ತಾಗಲಿಲ್ಲ ಅಂದ್ರ ಉಳದೇ ಇರೋದ್ರಾಗ ಐತಿ" ಅಂದ. ಅದು ಸರಿ ಅನ್ನಿಸಿತು. ಉಳಿದಿದ್ದ ನೆಲದಲ್ಲಿ ಒಂದು ಗೂಟವೂ ಇತ್ತು, ಸುಳ್ಳು ಗೂಟ. ಅದರ ಸುತ್ತಮುತ್ತ ಅಪ್ಪ ಪಾದ ಉಜ್ಜುತ್ತ ನಡೆದ, ನಿಂತ, ಮತ್ತೆ ನಡೆದ. ಕೊನೆಗೆ ಒಂದು ಕಡೆ ಹಿಮ್ಮಡಿ ಊರಿ ಇಲ್ಲಿ ಅಂದ. ಹಾರೆ ಹೊಡೆದೆ. ಮಣ್ಣಿನೊಳಗೆ ಸುಮ್ಮನೆ ಇಳಿಯಿತು. ಮಗ್ಗುಲಿಗೆ ಹೊಡೆದೆ, ಅಲ್ಲೂ ಇಳಿಯಿತು. ಅಪ್ಪ ಕೈಯಿಂದ ಹಾರೆ ತೆಗೆದುಕೊಂಡು ತಾನೇ ಹೊಡೆದ. ಟಣ್ ಅನ್ನಲಿಲ್ಲ. ಆ ನೆಲ ಅಪ್ಪನಿಗೆ ಸುಳ್ಳು ಹೇಳಿದ್ದು ಅವತ್ತೇ. ಹಾರೆ ಊರಿ ಅದರ ಮೇಲೆ ಎರಡೂ ಕೈ ಇಟ್ಟು ನಿಂತ ಅಪ್ಪನ ಮುಖ ನೋಡಲಾಗಲಿಲ್ಲ.

ಹೊತ್ತು ಓಡುತ್ತಿತ್ತು. ರಸ್ತೆಯಲ್ಲಿ ಚಿಕ್ಕಪ್ಪನ ಬೈಕು ಬಂದು ನಿಂತಿತು. ನಾನು ಹಟ ಹಿಡಿದೆ. ಕಂಬ, ಟ್ಯಾಂಕಿನ ಗೆರೆ ಹಾಯುವ ಅಷ್ಟೂ ಜಾಗ ಬಿಡಬೇಕು, ಅಲ್ಲಿ ನೇಗಿಲು ಇಳಿಸಬಾರದು, ಇಳಿಸಿದರೆ ನಾನು ಗಾಲಿಗೆ ಅಡ್ಡ ಮಲಗುತ್ತೇನೆ ಅಂದೆ. ಮ್ಯಾಲಿಂದ ಮ್ಯಾಲ ಕೆರದು ಹೋಗ್ತೀನಿ ಅಂತ ಮಂಜುಳಾ ವಾದಿಸಿದಳು. ನಡು ಹೊಲದಲ್ಲಿ ಉಳದ ತೇಪೆ ಬಿಡುವುದು ಒಕ್ಕಲು ಮನೆತನಕ್ಕೆ ಹೇಗಿರುತ್ತದೆಂದು ನನಗೂ ಗೊತ್ತು. ಕೊನೆಗೆ ಅಪ್ಪ ಬಾಯಿ ಬಿಟ್ಟ.

"ಬಿಡವ್ವ ಮಂಜಿ. ಹೊಲ ಮುಂದಿನ ವರ್ಷವೂ ಇರ್ತೈತಿ."

ಮದುವೆ ಪೆಂಡಾಲು ಹಾಕುವಷ್ಟು ಜಾಗ ಬಿಟ್ಟು ಅವಳು ಸುತ್ತ ಉತ್ತಳು. ಅದರ ಅಂಚಿಗೆ ಬಂದಾಗಲೆಲ್ಲ ನಾನು ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದೆ. ನೇಗಿಲು ಅಂಚಿನಲ್ಲಿ ಹಾದು ಹೋದ ಮೇಲೆ ಬಿಡುತ್ತಿದ್ದೆ. ಕೊನೆಯ ಸಾಲು ಮುಗಿಯುವಾಗ ಹನಿ ಬೀಳತೊಡಗಿದವು. ಅವಳು ಇಳಿದಳು, ಎರಡೂ ಕಾಲಿನ ಮೇಲೆ ನಿಂತಳು. ನಾನು ಅವಳ ತೋಳು ಹಿಡಿದುಕೊಂಡೆ, ಮನೆ ಬರುವವರೆಗೂ ಬಿಡಲಿಲ್ಲ. ಊರಲ್ಲಿ ಆ ತೇಪೆಗೆ ಆ ವಾರದಲ್ಲೇ ಹೆಸರು ಬಿತ್ತು, ಟೀಚರಮ್ಮನ ಪಟ್ಟಿ.

ಮರುವರ್ಷ ಉಳುಮೆಯ ಹೊತ್ತಿಗೆ ಅಪ್ಪನ ಕಣ್ಣಿನ ಆಪರೇಷನ್ ಆಗಿತ್ತು. ದಪ್ಪ ಕರಿ ಕನ್ನಡಕ ಹಾಕಿಕೊಂಡು ಹೊಲಕ್ಕೆ ಬಂದವನು ಮೊದಲು ಮಾಡಿದ ಕೆಲಸ ಗುಡ್ಡ ನೋಡಿದ್ದು. ಆಕಾಶ ತೊಳೆದಂತೆ ಇತ್ತು. ಯಾರನ್ನೂ ಕೇಳದೆ ತಾನೇ ಕವಲಿನ ಗೆರೆ ಹಿಡಿದು ನಡೆದ. ನಾವಿಬ್ಬರೂ ಹಿಂದೆ ಹೋದೆವು. ನನ್ನ ಪಟ್ಟಿಯ ಕಡೆಗೆ ಹೋಗುತ್ತಾನೆ ಅಂದುಕೊಂಡರೆ ಅಪ್ಪ ಅದಕ್ಕೆ ಬೆನ್ನು ಹಾಕಿ ಹೊಲದ ಈ ತುದಿಗೆ ಬಂದ. ಹಿಂದಿನ ವರ್ಷ ಮೊಟ್ಟಮೊದಲು ಉತ್ತ ಭಾಗಕ್ಕೆ. ಅಲ್ಲಿ ಒಂದು ಜಮಖಾನೆಯಷ್ಟು ಜಾಗದಲ್ಲಿ ಮಾತ್ರ ಗರಿಕೆ ದಟ್ಟವಾಗಿ ನಿಂತಿತ್ತು. ಅದರ ಅಂಚಿನಲ್ಲಿ ನಿಂತು ಹಾರೆ ಕೇಳಿದ.

ಟಣ್.

ಮೊದಲ ಗೂಟ ನಿಂತಿದ್ದ ಜಾಗ ಅದು. ಬೇರೆ ಯಾವುದೋ ಗುಂಡಿನ ಗೂಟವನ್ನು ಈರಪ್ಪ ಕೈಗೆ ಬಂದ ಕಡೆ ನೆಟ್ಟು ಹೋಗಿದ್ದ, ಅದು ಹಲ್ಲುಮುರುಕದ ಪಕ್ಕಕ್ಕೆ ಬಿದ್ದಿತ್ತು. ಇನ್ನೊಂದು ಮಾರು ಆಚೆ ನೆಟ್ಟಿದ್ದರೆ ಮಂಜುಳಾ ನೇಗಿಲು ಇಳಿಸಿದ ಕಡೆ ಅದು ಸಿಗುತ್ತಿತ್ತು. ಆಮಿಯಂಥ ಅಗಲ ಬೆನ್ನಿನ ಕಲ್ಲಲ್ಲ ಅದು, ಚೂಪು ಅಂಚಿನದು. ಸಿಕ್ಕಿದ್ದನ್ನು ಬಿಡುವುದಿಲ್ಲ. ಅಲ್ಲೇ ಅವಳು ನನಗೆ ಕೈ ಬೀಸಿದ್ದಳು. ಒಂದು ಕೈ ಸ್ಟೇರಿಂಗ್ ಬಿಟ್ಟು, ಕಣ್ಣು ನನ್ನ ಕಡೆ ಇಟ್ಟು. ನಾನೂ ಬೀಸಿದ್ದೆ.

ಮಂಜುಳಾ ಗರಿಕೆಯ ಮೇಲೆ ಕೂತುಬಿಟ್ಟಳು. ನಾನು ಅಂಜಿ ಅಂಜಿ ಸತ್ತ ಜಾಗವನ್ನು ಆಮೇಲೆ ಮೂವರೂ ಸೇರಿ ಹಾರೆಯಿಂದ ಚುಚ್ಚಿ ಚುಚ್ಚಿ ನೋಡಿದೆವು. ಒಂದು ಬೆಣಚುಕಲ್ಲೂ ಸಿಗಲಿಲ್ಲ. ಅವತ್ತಿನಿಂದ ನನ್ನ ಅಂಜಿಕೆಯ ಮೇಲೆ ನನಗೆ ನಂಬಿಕೆ ಹೋಯಿತು. ಅಂಜಿಕೆ ಮಾತ್ರ ಹೋಗಲಿಲ್ಲ.

ಈರಪ್ಪ ಮತ್ತೆ ಮಂದೆ ತಂದಾಗ ಅಪ್ಪ ಮಜ್ಜಿಗೆ ಕೊಟ್ಟು ಎಲ್ಲ ಹೇಳಿದನಂತೆ. ಆಮೇಲೆ ನಮ್ಮ ಹೊಲದ ಗೂಟಕ್ಕೆ ಅವನು ಕೈ ಹಚ್ಚಲಿಲ್ಲ. ಕುರಿಯನ್ನೂ ಅದರಿಂದ ದೂರ ಅಟ್ಟುತ್ತಿದ್ದ.

ಈ ವರ್ಷ ಫೋನ್ ಮಾಡಿದ ಮರುದಿನ ಊರಿಗೆ ಹೋದೆ. ಅಪ್ಪ ಬೇವಿನ ಕೆಳಗೆ ಕನ್ನಡಕ ಒರೆಸುತ್ತ ಕೂತಿದ್ದ. ಮೂರು ಗುಂಡಿಗೂ ಈಗ ಸುಣ್ಣ ಬಳಿದ ಕಲ್ಲುಕಂಬ ನಿಂತಿವೆ, ಯಾವ ಕುರಿಯವನೂ ಕೀಳಲಾರ. ಮಂಜುಳಾ ಉಳುತ್ತಿದ್ದಳು. ಕಂಬಗಳ ಮಗ್ಗುಲಲ್ಲಿ ನೇಗಿಲೆತ್ತಿ ಇಳಿಸಿ ದಾಟಿದಳು. ಟೀಚರಮ್ಮನ ಪಟ್ಟಿಗೆ ಬಂದಳು. ಅಲ್ಲೂ ನೇಗಿಲೆತ್ತಿದಳು. ಪ್ರತಿ ವರ್ಷ ಎತ್ತುತ್ತಾಳೆ. ಪೆಂಡಾಲಿನಷ್ಟು ಜಾಗ ಇವತ್ತಿಗೂ ಹಾಗೇ ಬಿದ್ದಿದೆ, ಗರಿಕೆ ತುಂಬಿ.

ಬುತ್ತಿಗೆ ಕೂತಾಗ ಈ ಸಲ ಕೇಳಿಯೇ ಬಿಟ್ಟೆ. "ಅದರ ಕೆಳಗ ಏನೂ ಇಲ್ಲ ಅಂತ ನಿನಗ ಗೊತ್ತೈತಿ, ನನಗೂ ಗೊತ್ತೈತಿ. ಸುಮ್ನ ಶೇಂಗಾ ಬೆಳಿಯೋ ಜಾಗ. ಯಾಕ ಬಿಡ್ತೀ?"

ಅವಳು ರೊಟ್ಟಿಗೆ ಪುಂಡಿಪಲ್ಲೆ ಹಚ್ಚಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ.

"ಕೆಳಗೇನೂ ಇಲ್ಲಕ್ಕ. ಅಲ್ಲಿಗೆ ಗಾಡಿ ಬಂತಂದ್ರ ನೀ ಉಸಿರು ಹಿಡಿತೀ. ಸೀಟಿನ ಮ್ಯಾಲಿಂದ ನನಗ ಕಾಣ್ತೈತಿ."

ಅಪ್ಪ ಆ ಕಡೆ ತಿರುಗಿ ಗುಡ್ಡ ನೋಡುತ್ತ ಕೂತ. ನಾನು ಅವಳಿಗೆ ಇನ್ನೊಂದು ರೊಟ್ಟಿ ಹಾಕಿದೆ. ಊಟ ಮುಗಿಸಿ ಅವಳು ಕೈ ತೊಳೆದು, ಅಂಗಿಯ ತೋಳು ಮಡಚಿ, ಮತ್ತೆ ಟ್ರ್ಯಾಕ್ಟರ್ ಹತ್ತಿದಳು. ನಾನು ಎದ್ದು ಹೋಗಿ ಬದುವಿನ ಮೇಲೆ, ಅವಳಿಗೆ ಕಾಣುವ ಕಡೆ, ನಿಂತೆ.